ಕಳೆದ ತಿಂಗಳು ನಿಮ್ಮ ಮನೆಗೆ ಎಷ್ಟು ಎಣ್ಣೆ ತಂದಿರಿ?

(ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಭಾಷಣ ಶುರು ಮಾಡುವ ಮೊದಲು ನಿಮಗೊಂದು ಪ್ರಶ್ನೆ. ಕಳೆದ ಮೂವತ್ತು ದಿನಗಳಲ್ಲಿ ನಿಮ್ಮ ಮನೆಯಲ್ಲಿ ಎಷ್ಟು ಅಡುಗೆ ಎಣ್ಣೆ ಖರ್ಚಾಯಿತು? ಎಷ್ಟು ಅರಿಶಿನ? ಎಷ್ಟು ಕೊತ್ತಂಬರಿ ಸೊಪ್ಪು? ಮನೆಯವರೆಲ್ಲ ಸೇರಿ ಹೋಟೆಲಿನಲ್ಲಿ ಎಷ್ಟು ಲೋಟ ಕಾಫಿ ಕುಡಿದಿರಿ?

ನೀವು ನಗುತ್ತಿದ್ದೀರಿ. ಆದರೆ ಈ ಪ್ರಶ್ನೆ ತಮಾಷೆಯದಲ್ಲ. ನಮ್ಮ ದೇಶದಲ್ಲಿ ಸರ್ಕಾರದ ತನಿಖಾಧಿಕಾರಿಗಳು ಲಕ್ಷಾಂತರ ಮನೆಗಳ ಬಾಗಿಲಿಗೆ ಹೋಗಿ ಕೇಳುವುದು ಇಂಥ ಪ್ರಶ್ನೆಗಳನ್ನೇ. ಬಂದ ಉತ್ತರಗಳನ್ನು ಕೂಡಿಸಿ, ಭಾಗಿಸಿ, ದೇಶದಲ್ಲಿ ಬಡವರೆಷ್ಟು, ಬೆಲೆ ಏರಿಕೆಯ ಲೆಕ್ಕದಲ್ಲಿ ಅಕ್ಕಿಗೆಷ್ಟು ಪಾಲು, ತರಕಾರಿಗೆಷ್ಟು ಪಾಲು ಎಂದು ನಿರ್ಧರಿಸುತ್ತಾರೆ. ನಾವು ವರದಿಗಾರರು ಅದನ್ನು 'ಶೇಕಡಾ ಇಷ್ಟು' ಎಂದು ಮುಖಪುಟದಲ್ಲಿ ಬರೆದು ಕೈತೊಳೆದುಕೊಳ್ಳುತ್ತೇವೆ. ಆ ಶೇಕಡಾ ಯಾರ ಮನೆಯ ಜಗಲಿಯ ಮೇಲೆ, ಯಾವ ಪ್ರಶ್ನೆಗೆ, ಯಾರ ಬಾಯಿಂದ ಹುಟ್ಟಿತು ಎಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಕೇಳುವಂತೆ ಮಾಡಿದ್ದು ನಮ್ಮವ್ವ. ಆ ಕಥೆಯನ್ನು ಆಮೇಲೆ ಹೇಳುತ್ತೇನೆ.

ಕೌಟಿಲ್ಯನ ಕಾಲದಿಂದ

ಮನೆ ಮನೆಯ ಲೆಕ್ಕ ಹಿಡಿಯುವುದು ಇಂದು ನಿನ್ನೆಯ ಕೆಲಸವಲ್ಲ. ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ಗೋಪ ಎಂಬ ಅಧಿಕಾರಿಯ ಮಾತು ಬರುತ್ತದೆ. ಊರಿನ ಪ್ರತಿ ಮನೆಯಲ್ಲಿ ಎಷ್ಟು ಜನ, ಅವರ ಕಸುಬೇನು, ಆದಾಯವೆಷ್ಟು, ಖರ್ಚೆಷ್ಟು ಎಂಬುದನ್ನು ಅವನು ಬರೆದಿಡಬೇಕು. ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಗೋಪ ಬರೆದದ್ದು ನಿಜವೋ ಸುಳ್ಳೋ ಎಂದು ನೋಡಲು ಗೃಹಸ್ಥರ ವೇಷದ ಗೂಢಚಾರರನ್ನು ಬೇರೆಯಾಗಿ ಕಳಿಸಬೇಕೆಂದು ಆ ಗ್ರಂಥ ಹೇಳುತ್ತದೆ. ಅಂದರೆ ಒಂದೇ ಬಾಯಿಂದ ಬಂದ ಲೆಕ್ಕವನ್ನು ನಂಬಬಾರದು, ಇನ್ನೊಂದು ದಾರಿಯಿಂದ ತಾಳೆ ನೋಡಬೇಕು ಎಂಬ ವಿವೇಕ ಆಗಲೇ ಇತ್ತು. ಈ ಗ್ರಂಥದ ಓಲೆಗರಿ ಪ್ರತಿ ವಿದ್ವಾಂಸ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ, ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು.

ಕೌಟಿಲ್ಯನ ಗೋಪ ಎಲ್ಲ ಮನೆಗಳಿಗೂ ಹೋಗಬೇಕಿತ್ತು. ಅದು ಗಣತಿ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆಂದು ಶಿಕ್ಷಕರು ನಮ್ಮ ಮನೆ ಮನೆಗೆ ಬಂದರಲ್ಲ, ಅದೂ ಆ ಜಾತಿಗೆ ಸೇರಿದ ಕೆಲಸ. ಆದರೆ ಎಣ್ಣೆ, ಉಪ್ಪು, ಸೊಪ್ಪಿನ ಲೆಕ್ಕವನ್ನೆಲ್ಲ ಪ್ರತಿ ಮನೆಯಲ್ಲೂ ಕೇಳುತ್ತ ಕೂತರೆ ಮುಗಿಯುವುದು ಯಾವಾಗ? ಅದಕ್ಕಾಗಿ ಬಂದದ್ದು ಮಾದರಿ ಸಮೀಕ್ಷೆ.

ಇದು ನಮ್ಮ ಹೆಂಗಸರಿಗೆ ಹೊಸದಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆಯ ಅನ್ನವನ್ನೆಲ್ಲ ಯಾರೂ ಹಿಚುಕುವುದಿಲ್ಲ, ಒಂದಗುಳು ಸಾಕು. ಆದರೆ ಬಲ್ಲವರು ಮೊದಲು ಸೌಟು ಆಡಿಸಿ, ತಳದಿಂದ ಮೇಲೆ ತಂದು, ಆಮೇಲೆ ಅಗುಳು ತೆಗೆಯುತ್ತಾರೆ. ತಳ ಸೀದಿದ್ದರೂ ಮೇಲಿನ ಅಗುಳಿಗೆ ಗೊತ್ತಾಗುವುದಿಲ್ಲ. ಸಮೀಕ್ಷೆಯಲ್ಲಿ ಮನೆಗಳನ್ನು ಚೀಟಿ ಎತ್ತುವ ರೀತಿಯಲ್ಲಿ ಆರಿಸುವುದು ಈ ಸೌಟು ಆಡಿಸುವ ಕೆಲಸವೇ. ರಸ್ತೆ ಬದಿಯ ಮನೆ, ಪರಿಚಯದವರ ಮನೆ, ಕಾಫಿ ಕೊಡುವವರ ಮನೆ ಎಂದು ಆರಿಸಿದರೆ ಅದು ಮೇಲಿನ ಅಗುಳು.

ಮಹಲನೋಬಿಸ್ ಹಾಕಿದ ಬುನಾದಿ

ಸ್ವಾತಂತ್ರ್ಯ ಬಂದಾಗ ನಮ್ಮ ದೇಶದ ಆದಾಯ ಎಷ್ಟೆಂದು ಖಚಿತವಾಗಿ ಹೇಳಲು ಬೇಕಾದ ಅಂಕಿ ಅಂಶಗಳು ಸರ್ಕಾರದ ಬಳಿ ಇರಲಿಲ್ಲ. 1949ರಲ್ಲಿ ರಾಷ್ಟ್ರೀಯ ಆದಾಯ ಸಮಿತಿಯನ್ನು ನೇಮಿಸಿದರು. ಪ್ರೊ. ಪಿ. ಸಿ. ಮಹಲನೋಬಿಸ್ ಅಧ್ಯಕ್ಷರು, ಡಿ. ಆರ್. ಗಾಡ್ಗೀಳ್ ಮತ್ತು ವಿ. ಕೆ. ಆರ್. ವಿ. ರಾವ್ ಸದಸ್ಯರು. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು ಇದೇ ರಾಯರು. ಸಮಿತಿಗೆ ಮೊದಲು ಎದುರಾದ ತೊಂದರೆಯೆಂದರೆ ಲೆಕ್ಕ ಹಾಕಲು ಅಂಕಿಗಳೇ ಇಲ್ಲ. ಈ ಕೊರತೆಯಿಂದಲೇ ರಾಷ್ಟ್ರೀಯ ಮಾದರಿ ಸಮೀಕ್ಷೆ ಹುಟ್ಟಿತು. ಅದರ ಮೊದಲ ಸುತ್ತು ನಡೆದದ್ದು 1950ರ ಅಕ್ಟೋಬರ್‌ನಿಂದ 1951ರ ಮಾರ್ಚ್‌ವರೆಗೆ, ಹಳ್ಳಿಗಳಲ್ಲಿ.

ಮಹಲನೋಬಿಸ್ ಅವರಿಗೆ ಈ ಕೆಲಸದ ಅನುಭವವಿತ್ತು. 1930ರ ದಶಕದ ಕೊನೆಯಲ್ಲಿ ಅವರು ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಹೊಲಗಳಿಂದ ಅಂದಾಜು ಮಾಡಿದ್ದರು. ಅವರ ಒಂದು ಉಪಾಯ ಬಹಳ ಸರಳ. ಒಂದೇ ಪ್ರದೇಶದಿಂದ ಎರಡು ಮಾದರಿಗಳನ್ನು ಬೇರೆ ಬೇರೆಯಾಗಿ ಆರಿಸಿ, ಎರಡು ತಂಡಗಳನ್ನು ಕಳಿಸುವುದು. ಎರಡೂ ಲೆಕ್ಕ ಹತ್ತಿರ ಬಂದರೆ ಸಮಾಧಾನ. ದೂರ ಬಿದ್ದರೆ ಕ್ಷೇತ್ರದಲ್ಲಿ ಏನೋ ತಪ್ಪಾಗಿದೆ ಎಂದು ಅರ್ಥ. ಕೌಟಿಲ್ಯನ ಗೂಢಚಾರ ಇಲ್ಲಿ ವೇಷ ಬದಲಿಸಿ ಬಂದಿದ್ದಾನೆ.

ಬಡ ದೇಶವೊಂದು ಇಷ್ಟು ದೊಡ್ಡ ಪ್ರಮಾಣದಲ್ಲಿ ಮನೆಗಳ ಸಮೀಕ್ಷೆ ನಡೆಸಬಹುದೆಂದು ತೋರಿಸಿದ್ದು ಭಾರತ. ಹಳೆ ಮೈಸೂರು ರಾಜ್ಯಕ್ಕೂ ಇದರಲ್ಲಿ ಒಂದು ಪಾತ್ರವಿದೆ. ಭಾರತ ಸರ್ಕಾರ ಮತ್ತು ವಿಶ್ವಸಂಸ್ಥೆ ಸೇರಿ 1950ರ ದಶಕದ ಆರಂಭದಲ್ಲಿ ಇಲ್ಲಿ ಜನಸಂಖ್ಯಾ ಅಧ್ಯಯನವೊಂದನ್ನು ನಡೆಸಿದವು. ಅದರ ವರದಿ 1961ರಲ್ಲಿ ಹೊರಬಂತು.

ವಾರವೋ ತಿಂಗಳೋ?

ಈಗ ಎಣ್ಣೆಯ ಪ್ರಶ್ನೆಗೆ ಬರೋಣ. 'ಕಳೆದ ಮೂವತ್ತು ದಿನದಲ್ಲಿ' ಎಂದು ಕೇಳಬೇಕೋ, 'ಕಳೆದ ಏಳು ದಿನದಲ್ಲಿ' ಎಂದು ಕೇಳಬೇಕೋ? ಕೇಳಲು ಚಿಕ್ಕದಾಗಿ ಕಾಣುವ ಈ ಪ್ರಶ್ನೆ ಕೋಟ್ಯಂತರ ಜನರನ್ನು ಬಡತನದಿಂದ ಮೇಲೆತ್ತಿ ಕೂರಿಸಬಲ್ಲದು, ಮತ್ತೆ ಕೆಳಗಿಳಿಸಬಲ್ಲದು. ಕಾಗದದ ಮೇಲೆ ಮಾತ್ರ.

ನಮ್ಮ ನೆನಪಿಗೆ ಎರಡು ದೋಷಗಳಿವೆ. ಒಂದು, ಮರೆವು. ಇಪ್ಪತ್ತು ದಿನದ ಹಿಂದೆ ತಂದ ಬದನೆಕಾಯಿ ಯಾರಿಗೆ ನೆನಪಿರುತ್ತದೆ? ಹಾಗಾಗಿ ತಿಂಗಳ ಲೆಕ್ಕ ಕೇಳಿದರೆ ಉತ್ತರ ಕಡಿಮೆ ಬರಬಹುದು. ಇನ್ನೊಂದು ಇದಕ್ಕೆ ತದ್ವಿರುದ್ಧ. ಹತ್ತು ದಿನದ ಹಿಂದೆ ಮಾಡಿದ ಕೋಳಿ ಸಾರು 'ಮೊನ್ನೆ ತಾನೆ' ಎನ್ನಿಸುತ್ತದೆ. ದುರ್ಬೀನಿನಲ್ಲಿ ದೂರದ ಬೆಟ್ಟ ಹತ್ತಿರ ಕಂಡ ಹಾಗೆ. ವಾರದ ಲೆಕ್ಕ ಕೇಳಿದಾಗ ಅದನ್ನೂ ಸೇರಿಸಿ ಹೇಳುತ್ತೇವೆ. ಆಗ ಉತ್ತರ ಹೆಚ್ಚು ಬರಬಹುದು.

ಯಾವ ದೋಷ ದೊಡ್ಡದು ಎಂದು ಊಹೆಯಿಂದ ಹೇಳಲಾಗದು, ಪರೀಕ್ಷೆ ಮಾಡಬೇಕು. ಮಹಲನೋಬಿಸ್ ಮತ್ತು ಸಂಗಡಿಗರು 1950ರ ದಶಕದ ಆರಂಭದಲ್ಲೇ ಅದನ್ನು ಮಾಡಿದರು. ಕೆಲವು ಮನೆಗಳಲ್ಲಿ ವಾರದ ಲೆಕ್ಕ ಕೇಳಿದರು, ಕೆಲವು ಮನೆಗಳಲ್ಲಿ ತಿಂಗಳದ್ದು ಕೇಳಿದರು, ಇನ್ನು ಕೆಲವು ಮನೆಗಳಲ್ಲಿ ಅಡುಗೆಗೆ ಹಾಕುವ ಅಕ್ಕಿಯನ್ನೇ ತೂಕ ಮಾಡಿದರು. ತೂಕಕ್ಕೆ ಹತ್ತಿರ ಬಂದದ್ದು ತಿಂಗಳ ಲೆಕ್ಕ. ಅಲ್ಲಿಂದ ಮುಂದೆ ಮೂವತ್ತು ದಿನವೇ ಪದ್ಧತಿಯಾಯಿತು.

ನಾಲ್ಕು ದಶಕಗಳ ನಂತರ ಸಂಶಯ ಶುರುವಾಯಿತು. ಜನ ತಿನ್ನುವ ಪದಾರ್ಥಗಳ ಪಟ್ಟಿ ಬೆಳೆದಿತ್ತು. ಬೇರೆ ಬಹುತೇಕ ದೇಶಗಳು ಕಡಿಮೆ ದಿನಗಳ ಲೆಕ್ಕ ಕೇಳುತ್ತಿದ್ದವು. 1994ರಿಂದ 1998ರವರೆಗಿನ ಸುತ್ತುಗಳಲ್ಲಿ ಅರ್ಧ ಮನೆಗಳಿಗೆ ಹಳೆಯ ಪ್ರಶ್ನಾವಳಿ ಕೊಟ್ಟರು. ಉಳಿದರ್ಧಕ್ಕೆ ಹೊಸ ಪ್ರಶ್ನಾವಳಿ: ಆಹಾರಕ್ಕೆ ಏಳು ದಿನ, ಬಟ್ಟೆಬರೆ ಮುಂತಾದ ಅಪರೂಪದ ಖರ್ಚಿಗೆ ವರ್ಷದ ಲೆಕ್ಕ. ಬಂದ ಫಲಿತಾಂಶ ನೋಡಿ ತಜ್ಞರೇ ಬೆಚ್ಚಿದರು. ಹೊಸ ಉತ್ತರಗಳನ್ನು ಹಳೆಯ ಬಡತನ ರೇಖೆಗೆ ಹಚ್ಚಿ ನೋಡಿದರೆ ದೇಶದ ಬಡವರ ಸಂಖ್ಯೆ ಹೆಚ್ಚು ಕಡಿಮೆ ಅರ್ಧಕ್ಕಿಳಿಯುತ್ತಿತ್ತು! ಒಬ್ಬರಿಗೂ ಒಂದು ತುತ್ತು ಹೆಚ್ಚಿಗೆ ಸಿಕ್ಕಿರಲಿಲ್ಲ. ಬದಲಾದದ್ದು ಪ್ರಶ್ನೆಯಲ್ಲಿದ್ದ ದಿನಗಳ ಸಂಖ್ಯೆ ಮಾತ್ರ.

ಆಮೇಲೆ 1999-2000ರ ದೊಡ್ಡ ಸುತ್ತು ಬಂತು. ಇಲ್ಲಿ ಒಂದು ರಾಜಿ ಮಾಡಿದರು. ಒಂದೇ ಮನೆಗೆ ಏಳು ದಿನದ್ದೂ ಮೂವತ್ತು ದಿನದ್ದೂ ಎರಡೂ ಪ್ರಶ್ನೆಗಳನ್ನು ಅಕ್ಕಪಕ್ಕದ ಕಲಮುಗಳಲ್ಲಿ ಕೇಳಿದರು. ನೀವೇ ಯೋಚಿಸಿ. ವಾರಕ್ಕೆ ಅರ್ಧ ಕಿಲೋ ಎಣ್ಣೆ ಎಂದು ಈಗಷ್ಟೇ ಹೇಳಿದ ಮನೆಯೊಡತಿ ತಿಂಗಳಿಗೆ ಎಷ್ಟು ಎಂದರೆ ಏನು ಹೇಳುತ್ತಾಳೆ? ಮನಸ್ಸಿನಲ್ಲೇ ನಾಲ್ಕರಿಂದ ಗುಣಿಸಿ ಎರಡು ಕಿಲೋ ಎನ್ನುತ್ತಾಳೆ. ಒಂದು ಉತ್ತರ ಇನ್ನೊಂದನ್ನು ಕೆಡಿಸಿತು. ಆ ಸುತ್ತಿನ ಪ್ರಕಾರ ಬಡತನ 1993-94ರ ಶೇ 36ರಿಂದ ಶೇ 26.1ಕ್ಕೆ ಇಳಿದಿತ್ತು. ಈ ಇಳಿಕೆಯಲ್ಲಿ ನಿಜವಾದದ್ದೆಷ್ಟು, ಪ್ರಶ್ನೆಯ ಕೈವಾಡವೆಷ್ಟು? ವರ್ಷಗಟ್ಟಲೆ ವಾದ ನಡೆಯಿತು. ಆರ್ಥಿಕ ಸುಧಾರಣೆ ಬಡವರಿಗೆ ಒಳ್ಳೆಯದು ಮಾಡಿತು ಎನ್ನುವವರೂ, ಮಾಡಲಿಲ್ಲ ಎನ್ನುವವರೂ ಅದೇ ಅಂಕಿಯನ್ನು ಹಿಡಿದು ಕಾದಾಡಿದರು. ಈ ಚರ್ಚೆಯ ಬರಹಗಳನ್ನೆಲ್ಲ ಸೇರಿಸಿ ಆ್ಯಂಗಸ್ ಡೀಟನ್ ಮತ್ತು ವ್ಯಾಲೆರಿ ಕೋಝೆಲ್ 2005ರಲ್ಲಿ ಒಂದು ಗ್ರಂಥವನ್ನೇ ಸಂಪಾದಿಸಿದರು. ಅದೇ ಡೀಟನ್‌ಗೆ 2015ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮನೆಗಳ ಸಮೀಕ್ಷೆಯನ್ನು ಓದುವುದು ಹೇಗೆ ಎಂದು ಜಗತ್ತಿಗೆ ಕಲಿಸಿದ್ದೂ ಆ ಗೌರವಕ್ಕೆ ಒಂದು ಕಾರಣ.

ಎಲ್ಲ ಪದಾರ್ಥಕ್ಕೂ ಒಂದೇ ಅವಧಿ ಹೊಂದುವುದಿಲ್ಲ ಎಂಬುದು ಈ ಎಲ್ಲದರಿಂದ ಕಲಿತ ಪಾಠ. ಅಕ್ಕಿ, ಬೇಳೆ ತಿಂಗಳಿಗೊಮ್ಮೆ ತರುವಂಥವು, ಅದಕ್ಕೆ ತಿಂಗಳೇ ಸರಿ. ತರಕಾರಿ, ಹಣ್ಣು, ಮೊಟ್ಟೆ, ಮಾಂಸಕ್ಕೆ ವಾರ. ಬಟ್ಟೆ, ಚಪ್ಪಲಿ, ಶಾಲೆಯ ಶುಲ್ಕಕ್ಕೆ ವರ್ಷ. 2009-10ರ ಸುತ್ತಿನಿಂದ ಈ ಮಿಶ್ರ ಕ್ರಮ ಹಳೆಯ ಕ್ರಮದ ಜೊತೆಗೆ ಬಂತು. ಈ ಸಲ ಎರಡನ್ನೂ ಬೇರೆ ಬೇರೆ ಮನೆಗಳಲ್ಲಿ ಕೇಳಿದರು. ಹಿಂದಿನ ತಪ್ಪಿನಿಂದ ಕಲಿತಿದ್ದರು.

ಹೊರದೇಶಗಳ ಪಾಠ

ಇದು ನಮ್ಮೊಬ್ಬರ ಗೋಳಲ್ಲ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಿ 1994ರಲ್ಲಿ ಕೆಲವು ಮನೆಗಳಿಗೆ ಉದ್ದ ಪಟ್ಟಿ, ಕೆಲವು ಮನೆಗಳಿಗೆ ಗಿಡ್ಡ ಪಟ್ಟಿ ಕೊಟ್ಟು ನೋಡಿದರು. ಉದ್ದ ಪಟ್ಟಿಯ ಮನೆಗಳ ಖರ್ಚು ಮೂರನೆಯ ಒಂದು ಭಾಗದಷ್ಟು ಹೆಚ್ಚು ಬಂತು. 'ತರಕಾರಿಗೆ ಎಷ್ಟು?' ಎಂದು ಒಟ್ಟಾಗಿ ಕೇಳಿದರೆ ಬರುವ ಉತ್ತರ ಬೇರೆ. ಬೆಂಡೆ, ಬದನೆ, ಹುರುಳಿ, ಸೊಪ್ಪು ಎಂದು ಒಂದೊಂದಾಗಿ ಕೇಳಿದರೆ ಬರುವುದೇ ಬೇರೆ. ಆಫ್ರಿಕಾದ ತಾಂಜಾನಿಯಾದಲ್ಲಿ 2007-08ರಲ್ಲಿ ಸುಮಾರು 4,000 ಮನೆಗಳನ್ನು ಎಂಟು ಗುಂಪು ಮಾಡಿ, ಎಂಟು ಬಗೆಯಲ್ಲಿ ಲೆಕ್ಕ ಕೇಳಿದರು. ಕೆಲವರಿಗೆ ದಿನಚರಿ ಪುಸ್ತಕ ಕೊಟ್ಟರು, ಕೆಲವರಿಗೆ ವಾರದ ನೆನಪು, ಕೆಲವರಿಗೆ 'ಸಾಮಾನ್ಯವಾಗಿ ತಿಂಗಳಿಗೆ ಎಷ್ಟು' ಎಂಬ ಪ್ರಶ್ನೆ. ಕೇಳಿದ ಬಗೆಯಂತೆ ಬಡತನದ ಅಂಕಿಯೂ ಬದಲಾಯಿತು. ಆಫ್ರಿಕಾದ ಹಲವು ದೇಶಗಳಲ್ಲಿ ರೈತರು ಬಾಯಲ್ಲಿ ಹೇಳಿದ ಹೊಲದ ವಿಸ್ತೀರ್ಣವನ್ನು ಉಪಗ್ರಹದ ನೆರವಿನ ಉಪಕರಣದಿಂದ ಅಳೆದು ನೋಡಿದರೆ, ತೀರ ಚಿಕ್ಕ ಹೊಲದವರು ಇದ್ದದ್ದಕ್ಕಿಂತ ಹೆಚ್ಚು ಹೇಳಿದ್ದರು. ಸುಳ್ಳು ಹೇಳಬೇಕೆಂದಲ್ಲ. ಅಂದಾಜೇ ಹಾಗೆ. ನಮ್ಮಲ್ಲಿ ವಯಸ್ಸು ಕೇಳಿದರೆ 'ನಲವತ್ತೋ ನಲವತ್ತೈದೋ ಬರ್ಕೊಳ್ಳಿ ಸ್ವಾಮಿ' ಎನ್ನುವುದಿಲ್ಲವೆ? ಗಣತಿಯ ಪಟ್ಟಿಗಳಲ್ಲಿ ಸೊನ್ನೆಗೂ ಐದಕ್ಕೂ ಮುಗಿಯುವ ವಯಸ್ಸಿನವರ ಗುಂಪು ಕಟ್ಟಿರುವುದು ಇದರಿಂದಲೇ.

ಯಾರ ಬಾಯಿಂದ ಉತ್ತರ?

ಈಗ ನಮ್ಮವ್ವನ ಕಥೆ. ನಾನು ಊರಿಗೆ ಹೋಗಿದ್ದ ಒಂದು ದಿನ ಸಮೀಕ್ಷೆಯವರು ಬಂದರು. ಪಾಪ, ಬಿಸಿಲಲ್ಲಿ ಬಂದಿದ್ದರು, ಇನ್ನೂ ನಾಲ್ಕು ಮನೆ ಮುಗಿಸಬೇಕಿತ್ತು. ಜಗಲಿಯ ಮೇಲೆ ಅಪ್ಪ ಕೂತಿದ್ದರು. 'ನಿಮ್ಮ ಮನೆಯವರು ಏನು ಕೆಲಸ ಮಾಡ್ತಾರೆ ಯಜಮಾನ್ರೆ?' ಎಂದು ಅವರು ಕೇಳಿದರು. 'ಅವಳೇನು ಮಾಡ್ತಾಳೆ, ಮನೇಲಿರ್ತಾಳೆ' ಎಂದರು ಅಪ್ಪ. ಅವರು ಬರೆದುಕೊಂಡರು. ಆ ಹೊತ್ತಿಗೆ ಅವ್ವ ಹಿತ್ತಲಲ್ಲಿ ಹಸುಗಳಿಗೆ ಹುಲ್ಲು ಹಾಕುತ್ತಿದ್ದಳು. ಎರಡು ಹಸು ಅವಳದೇ. ಮುಂಜಾನೆ ಎದ್ದು ಕರೆದು ಡೇರಿಗೆ ಹಾಲು ಹಾಕುವವಳು ಅವಳೇ, ಡೇರಿಯ ಬಟವಾಡೆ ಬರುವುದೂ ಅವಳ ಹೆಸರಿಗೆ. ನನ್ನ ಡಿಪ್ಲೊಮಾದ ಶುಲ್ಕ ಕಟ್ಟಿದ್ದು ಆ ಹಾಲಿನ ದುಡ್ಡಿನಿಂದ. ನಾನು ಪಕ್ಕದಲ್ಲೇ ನಿಂತಿದ್ದೆ. ನನಗೂ ಆಗ ಅದು ತಪ್ಪೆನಿಸಲಿಲ್ಲ. ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ ಉದ್ಯೋಗದ ಪಟ್ಟಿಯಲ್ಲಿ ಸಂಕೇತ ಸಂಖ್ಯೆಗಳಿವೆ. 92 ಎಂದರೆ ಮನೆಗೆಲಸ ಮಾತ್ರ. 93 ಎಂದರೆ ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು, ಮೇವು ತರುವುದು, ಮನೆಯವರಿಗೆ ಬಟ್ಟೆ ಹೊಲಿಯುವುದು ಇತ್ಯಾದಿ. ಈ ಎರಡು ಸಂಖ್ಯೆ ಬಿದ್ದವರು ದೇಶದ ದುಡಿಯುವವರ ಲೆಕ್ಕಕ್ಕೆ ಬರುವುದಿಲ್ಲ. ಹಾಲು ಮಾರುವ ನಮ್ಮವ್ವ ಸ್ವಂತ ಉದ್ಯೋಗದವರ ಸಾಲಿಗೆ ಸೇರಬೇಕು. ಆದರೆ 'ಮನೇಲಿರ್ತಾಳೆ' ಎಂಬ ಒಂದು ಮಾತಿಗೆ ಅವಳು ಆ ಸಾಲಿನಿಂದ ಹೊರಗೆ ಬೀಳುತ್ತಾಳೆ. ಭಾರತದ ಹೆಂಗಸರು ದುಡಿಮೆಯಿಂದ ಹಿಂದೆ ಸರಿಯುತ್ತಿದ್ದಾರೆ ಎಂದು ನಾವು ಸಂಪಾದಕೀಯ ಬರೆಯುವಾಗ, ಅವರಲ್ಲಿ ಎಷ್ಟು ಜನ ನಮ್ಮವ್ವನಂತೆ ಹಿತ್ತಲಲ್ಲಿದ್ದರು ಎಂದು ಕೇಳಿಕೊಳ್ಳಬೇಡವೆ?

ಇದಕ್ಕೆ ಪರಿಹಾರವಿದೆ. ಅವರವರ ವಿಷಯ ಅವರವರನ್ನೇ ಕೇಳುವುದು. 'ಕೆಲಸ ಮಾಡುತ್ತೀರಾ?' ಎನ್ನುವ ಬದಲು 'ನಿನ್ನೆ ಬೆಳಿಗ್ಗೆ ಎದ್ದು ಏನು ಮಾಡಿದಿರಿ, ಆಮೇಲೆ?' ಎಂದು ಹೊತ್ತಿನ ಲೆಕ್ಕ ಕೇಳುವುದು. 1998-99ರಲ್ಲಿ ಆರು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ, 2019ರಲ್ಲಿ ಇಡೀ ದೇಶದಲ್ಲಿ ಇಂಥ ಸಮಯ ಬಳಕೆಯ ಸಮೀಕ್ಷೆ ನಡೆಯಿತು. 2019ರ ಲೆಕ್ಕದಲ್ಲಿ ಮನೆಯೊಳಗಿನ ಸಂಬಳವಿಲ್ಲದ ಕೆಲಸಕ್ಕೆ, ಆ ಕೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. 'ಮನೇಲಿರ್ತಾಳೆ' ಎಂಬುದರ ಅರ್ಥ ಸುಮಾರು ಐದು ಗಂಟೆ.

ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ಯಾರಿದ್ದಾರೆ ಎಂಬುದೂ ಮುಖ್ಯ. 1992-93ರಲ್ಲಿ ಆರಂಭವಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈಗ ಗಂಡನ ಹೊಡೆತದ ಬಗ್ಗೆಯೂ ಪ್ರಶ್ನೆಗಳಿವೆ. ಅದನ್ನು ಒಂದು ಮನೆಯಲ್ಲಿ ಒಬ್ಬಳೇ ಹೆಂಗಸಿಗೆ, ಯಾರೂ ಇಲ್ಲದ ಕಡೆ ಕೇಳಬೇಕು. ಏಕಾಂತ ಸಿಗದಿದ್ದರೆ ಆ ಪ್ರಶ್ನೆಯನ್ನೇ ಕೇಳಕೂಡದು ಎಂಬ ನಿಯಮವಿದೆ. ಉತ್ತರ ಸಿಗುವುದಕ್ಕಿಂತ ಉತ್ತರಿಸಿದವಳಿಗೆ ಆಮೇಲೆ ತೊಂದರೆಯಾಗದಿರುವುದು ಮುಖ್ಯ.

ತೆರೆಯದ ಗೇಟುಗಳು

ಬಡವರ ಬಾಗಿಲು ತೆರೆದಿರುತ್ತದೆ. ನಗರದ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ತನಿಖಾಧಿಕಾರಿಯನ್ನು ಕಾವಲುಗಾರನೇ ಒಳಗೆ ಬಿಡುವುದಿಲ್ಲ. ಶ್ರೀಮಂತರು ಲೆಕ್ಕಕ್ಕೆ ಸಿಗದಿದ್ದರೆ ದೇಶದಲ್ಲಿ ಅಸಮಾನತೆ ಕಡಿಮೆಯಿದ್ದಂತೆ ಕಾಣುತ್ತದೆ. ಅದಕ್ಕಾಗಿ 2022-23ರ ಗೃಹ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಹಳ್ಳಿಯ ಮನೆಗಳನ್ನು ಜಮೀನಿನ ಆಧಾರದ ಮೇಲೆ, ನಗರದ ಮನೆಗಳನ್ನು ಕಾರಿನ ಆಧಾರದ ಮೇಲೆ ವಿಂಗಡಿಸಿ ಆರಿಸಿದರು. ಇನ್ನೊಂದು ತೊಡಕು ಹಳೆಯ ಪಟ್ಟಿ. ಮಾದರಿ ಆರಿಸಲು ಆಧಾರ ಗಣತಿ. ನಮ್ಮ ಕೊನೆಯ ಪೂರ್ಣ ಗಣತಿ 2011ರದ್ದು. 2021ರಲ್ಲಿ ನಡೆಯಬೇಕಿದ್ದುದು ನಡೆಯಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು 2025ರಲ್ಲಿ ಪ್ರಕಟಿಸಿದರು. ಈ ನಡುವೆ ಬೆಂಗಳೂರಿನ ಹೊರವಲಯದಲ್ಲಿ ಎಷ್ಟು ಹೊಸ ಬಡಾವಣೆಗಳೆದ್ದಿವೆ ಎಂದು ನಿಮಗೇ ಗೊತ್ತು.

2022-23ರ ಸಮೀಕ್ಷೆಯಲ್ಲಿ ಇನ್ನೊಂದು ಸುಧಾರಣೆ ಇತ್ತು. ಹಿಂದೆ ಒಂದೇ ಭೇಟಿಯಲ್ಲಿ 347 ಬಾಬುಗಳ ಉದ್ದ ಪಟ್ಟಿ ಮುಗಿಸುತ್ತಿದ್ದರು. ಕೇಳುವವರಿಗೂ ಸುಸ್ತು, ಹೇಳುವವರಿಗೂ ಬೇಸರ. ಕೊನೆಕೊನೆಗೆ ಎಲ್ಲದಕ್ಕೂ 'ಇಲ್ಲ' ಎಂಬ ಉತ್ತರ. ಈಗ ಬಾಬುಗಳು 405. ಆದರೆ ಆಹಾರಕ್ಕೊಂದು, ದಿನಬಳಕೆಯ ಇತರ ಖರ್ಚಿಗೊಂದು, ಬಾಳಿಕೆ ಬರುವ ವಸ್ತುಗಳಿಗೊಂದು ಎಂದು ಮೂರು ಪ್ರಶ್ನಾವಳಿ ಮಾಡಿ, ಮೂರು ತಿಂಗಳಲ್ಲಿ ಮೂರು ಸಲ ಹೋದರು. ಕಾಗದದ ಬದಲು ಟ್ಯಾಬ್ಲೆಟ್ ಹಿಡಿದು 2,61,746 ಮನೆಗಳಿಗೆ ಹೋದರು. ತಿಂಗಳಿಗೆ ತಲಾ ಖರ್ಚು ಹಳ್ಳಿಯಲ್ಲಿ 3,773 ರೂಪಾಯಿ, ನಗರದಲ್ಲಿ 6,459 ರೂಪಾಯಿ ಎಂದು ಬಂತು.

ಒಳ್ಳೆಯದೇ. ಆದರೆ ಅಳತೆಗೋಲು ಬದಲಾದ ಮೇಲೆ 2011-12ರ ಅಂಕಿಯ ಪಕ್ಕದಲ್ಲಿ ಇದನ್ನಿಟ್ಟು 'ಇಷ್ಟು ಏರಿತು' ಎನ್ನುವಾಗ ಎಚ್ಚರ ಬೇಕು. ನಡುವೆ 2017-18ರಲ್ಲಿ ನಡೆದ ಸಮೀಕ್ಷೆಯ ಫಲಿತಾಂಶವನ್ನು ಗುಣಮಟ್ಟ ಸರಿಯಿಲ್ಲವೆಂದು ಸರ್ಕಾರ 2019ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಗುಣಮಟ್ಟ ಸರಿಯಿಲ್ಲದಿದ್ದರೆ ಅದನ್ನು ಬಯಲಲ್ಲಿಟ್ಟು ಎಲ್ಲಿ ಸರಿಯಿಲ್ಲ ಎಂದು ತೋರಿಸುವುದೇ ಉತ್ತಮ ಎಂಬುದು ನನ್ನ ಅಭಿಪ್ರಾಯ. 1999-2000ರ ತಪ್ಪಿನಿಂದ ದೇಶ ಕಲಿಯಲು ಸಾಧ್ಯವಾದದ್ದು ಆ ಅಂಕಿಗಳು ಎಲ್ಲರ ಕೈಗೆ ಸಿಕ್ಕಿದ್ದರಿಂದ.

ನಾವು ಮಾಡಬೇಕಾದದ್ದು

ಪದ್ಧತಿ ಬದಲಿಸುವ ಮೊದಲು ಚಿಕ್ಕದಾಗಿ ಪರೀಕ್ಷಿಸಬೇಕು, ಹಳೆಯದನ್ನೂ ಹೊಸದನ್ನೂ ಬೇರೆ ಬೇರೆ ಮನೆಗಳಲ್ಲಿ ಒಟ್ಟಿಗೇ ನಡೆಸಬೇಕು. ಪ್ರಶ್ನೆಗಳು ಜನರ ಮಾತಿನಲ್ಲಿರಬೇಕು, ಅವರ ಸೇರು, ಬಳ್ಳ, ಹಿಡಿ, ಕಟ್ಟಿನ ಅಳತೆಯಲ್ಲಿರಬೇಕು. ಬಿಸಿಲಲ್ಲಿ ಅಲೆಯುವ ತನಿಖಾಧಿಕಾರಿಗೆ ಸಾಕಷ್ಟು ಸಮಯ, ತರಬೇತಿ, ಭದ್ರವಾದ ಕೆಲಸ ಇರಬೇಕು. ಎಷ್ಟು ಒಳ್ಳೆಯ ಗಣಿತವಿದ್ದರೂ ಅದು ನಿಲ್ಲುವುದು ಅವರು ಬರೆದುಕೊಂಡ ಮಾತಿನ ಮೇಲೆ. ಇವು ಸರ್ಕಾರದ ಕೆಲಸ.

ನಮ್ಮ ಕೆಲಸ ಚಿಕ್ಕದು. ಮುಂದೆ ನಿಮ್ಮ ಮೇಜಿಗೆ ಒಂದು ಸಮೀಕ್ಷೆಯ ವರದಿ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಯಾವ ಪ್ರಶ್ನೆ ಕೇಳಿದರು? ಎಷ್ಟು ದಿನಗಳ ಲೆಕ್ಕ? ಉತ್ತರ ಕೊಟ್ಟವರು ಯಾರು? ಕಳೆದ ಸಲವೂ ಹೀಗೇ ಕೇಳಿದ್ದರೆ? ಉತ್ತರ ಸಿಕ್ಕರೆ ವರದಿಯಲ್ಲಿ ಎರಡು ಸಾಲು ಬರೆಯಿರಿ. ಓದುಗರಿಗೆ ಅದು ಬೇಕು.

ಆ ದಿನ ಸಮೀಕ್ಷೆಯವರು ಹೋದ ಮೇಲೆ ಅವ್ವ ಹಿತ್ತಲಿಂದ ಬಂದು, 'ಯಾರು ಬಂದಿದ್ರು?' ಎಂದು ಕೇಳಿದಳು. ಅಪ್ಪ ಹೇಳಿದರು. 'ನನ್ನ ಕೇಳಿದ್ರೆ ಹಾಲಿನ ಲೆಕ್ಕ ಹೇಳ್ತಿದ್ನಲ್ಲಪ್ಪ' ಎಂದು ಅವಳು ಒಳಗೆ ಹೋದಳು. ಡೇರಿಯ ಚೀಟಿಗಳನ್ನೆಲ್ಲ ಅವಳು ಒಂದು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದಾಳೆ, ಒಂದು ದಿನದ್ದೂ ತಪ್ಪಿಲ್ಲ.